ಅತಿಥಿಗಳಿಗೆಂದು ಕಡಲತೀರ

ಊರಿಗೆ ಮೊದಲ ಬಾರಿಗೆ ಒಂದು ಬಸ್ಸು ತುಂಬ ಪ್ರವಾಸಿಗರು ಬರುವವರಿದ್ದರು. ಅವರಿಗೆ ಊಟ ಹಾಕುವ ಕೆಲಸ ಹೊತ್ತಿದ್ದ ಹೊನ್ನಮ್ಮ ಬೆಳಿಗ್ಗೆಯೇ ಕಡಲತೀರ ನೋಡಲು ಹೋದಳು. ಅಲ್ಲಿ ಪಕ್ಕದ ಮನೆಯ ಮಂಕಾಳಿ ಚೀಲದಿಂದ ಖಾಲಿ ಬಾಟಲಿಗಳನ್ನು ತೆಗೆದು ಮರಳಿನ ಮೇಲೆ ಎಸೆಯುತ್ತಿದ್ದ.

"ಎಂತ ಮಾಡ್ತಿದ್ದೀಯಾ ಮಾರಾಯಾ? ನಿನ್ನೆ ಊರಿಗೆ ಊರೇ ಸೇರಿ ಗುಡಿಸಿದ್ದು ಮರ್ತು ಹೋಯ್ತಾ? ಬಂದವ್ರು ಬೇಜಾರಾಗಿ ತಿರುಗಿ ಹೋದ್ರೆ ಮತ್ಯಾರೂ ಇತ್ಲಾಗೆ ಬರೂದಿಲ್ಲ!"

"ಅದಕ್ಕೇ ಅಕ್ಕಾ," ಮಂಕಾಳಿ ಬೆವರು ಒರೆಸಿಕೊಂಡ. "ಅವ್ರು ಬರೂದೇ ಕಡಲತೀರದ ಕಸ ಹೆಕ್ಕೂಕಂತೆ. ಈಗಷ್ಟೇ ಫೋನ್ ಬಂತು."

ಹೊನ್ನಮ್ಮ ಚೊಕ್ಕಟವಾಗಿದ್ದ ಮರಳನ್ನು ಉದ್ದಕ್ಕೂ ನೋಡಿದಳು.

"ಪಾಪ, ಅಷ್ಟು ದೂರದಿಂದ ಬರ್ತಾರೆ. ನಿಲ್ಲು, ನಮ್ಮನೆ ಕಸನೂ ತರ್ತೆ. ಗಾಜಿನದ್ದು ಮಾತ್ರ ಹಾಕ್ಬೇಡ, ಕೈ ಕೊಯ್ದುಕೊಂಡಾರು."