ಒಂದನೇ ತಂತಿ

ಒಂದನೇ ತಂತಿಯಲ್ಲಿ ಮಾತ್ರ ಕರೆಂಟು ಸೋರುತ್ತಿತ್ತು. ಉಳಿದ ತೊಂಬತ್ತೈದೂ ಸುಮ್ಮನಿದ್ದವು.

ಧರಣಿ ಮೀಟರನ್ನು ಮತ್ತೊಮ್ಮೆ ನೋಡಿದಳು. ತುಡಿಯಲೂರಿನ ಆ ಪ್ರಯೋಗಾಲಯದಲ್ಲಿ ಅವರು ಕಟ್ಟುತ್ತಿದ್ದದ್ದು, ಒಳಗೆ ಹಾದುಹೋಗುವ ಪರಮಾಣು ಕಣ ಯಾವುದೆಂದು ಗುರುತು ಹಿಡಿಯುವ ಪೆಟ್ಟಿಗೆ. ಹಳೆಯದರಲ್ಲಿ ನಲವತ್ತೆಂಟು ತಂತಿಗಳಿದ್ದವು. ಹೊಸದಕ್ಕೆ ಅದರ ಎರಡರಷ್ಟು, ಒಂದೊಂದೂ ಕೂದಲಿಗಿಂತ ಸಣ್ಣ. ತನ್ನ ಕೈಯಲ್ಲಿ ತುಂಡಾಗಿ ತುಂಡಾಗಿ ಎರಡು ಉರುಳೆ ಹಾಳಾದ ಮೇಲೆ, ಸಿರುಮುಗೈಯಲ್ಲಿ ನಲವತ್ತು ವರ್ಷ ರೇಷ್ಮೆ ನೇಯ್ದ ಅತ್ತೆ ರುಕ್ಮಣಿಯನ್ನು ಅವಳೇ ಕರೆತಂದಿದ್ದಳು. ಮೂರು ದಿನದಲ್ಲಿ ಅತ್ತೆ ಎಲ್ಲವನ್ನೂ ಬಿಗಿದಿದ್ದರು, ಒಂದೂ ಹರಿಯದಂತೆ. ಪೆಟ್ಟಿಗೆ ನಾಳೆ ಲಾರಿ ಹತ್ತಬೇಕು. ತಪ್ಪಿದರೆ ಪ್ರಯೋಗದ ಸರದಿ ಮುಂದಿನ ವರ್ಷಕ್ಕೆ.

ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದ ಪ್ರೊಫೆಸರ್ ನವನೀತನ್, "ಬೂದಿ," ಎಂದರು. "ಧೂಳೇ ಬರಬಾರದ ಕೋಣೆಗೆ ಬೂದಿ ಯಾರು ತಂದದ್ದು?"

ರುಕ್ಮಣಿ ಸೆರಗಿನ ಗಂಟು ಬಿಚ್ಚಿದರು. ಒಳಗೆ ಕಾಗದದ ಪೊಟ್ಟಣ. "ನಾನೇ ಸಾರ್. ಮೊದಲ್ನೇ ಎಳೆಗೆ ತಿರುನೀರು ಇಡದೆ ಯಾರಾದ್ರೂ ಮಗ್ಗಕ್ಕೆ ಪಾವು, ಹಾಸುನೂಲು ಕಟ್ತಾರಾ? ಒಂಚೂರೇ ಇಟ್ಟದ್ದು."

"ಅತ್ತೆ, ಸ್ಪಿರಿಟ್‌ನಲ್ಲಿ ಮೂರು ಸಲ ಕೈ ತೊಳೆಸಿದ್ದೆನಲ್ಲ."

"ತೊಳೆದ ಮೇಲೇ ಇಟ್ಟೆ, ಅಮ್ಮಿಣಿ. ತೊಳೆಯದ ಕೈಲಿ ತಿರುನೀರು ಮುಟ್ತಾರಾ?"

ಧರಣಿ ನಗು ನುಂಗಿಕೊಂಡು ಕೆಟ್ಟ ತಂತಿಯನ್ನು ಬಿಚ್ಚಿ ತೆಗೆದಳು. ಉರುಳೆಯಲ್ಲಿ ಉಳಿದದ್ದು ಇನ್ನೊಂದೇ ತಂತಿಗೆ ಸಾಲುವಷ್ಟು. ರುಕ್ಮಣಿ ಅದನ್ನು ಮುಟ್ಟಲಿಲ್ಲ.

"ಇಡದೆ ಕೈ ಓಡಲ್ಲ. ಅಷ್ಟು ವರ್ಷದ ಪಳಕ್ಕ, ಅಭ್ಯಾಸ. ನಡುಗಿದ್ರೆ ಇದೂ ಹೋಗುತ್ತೆ."

ಧರಣಿ ಅವರ ಕೈ ಹಿಡಿದು ಕೋಣೆಯ ಹೊರಗೆ ಕರೆದೊಯ್ದು ತಲೆ ಬಗ್ಗಿಸಿದಳು. "ಮೊದಲ್ನೇ ಎಳೆ ನಾನೇ ಅಂದ್ಕೊಳ್ಳಿ. ಇಲ್ಲಿಡಿ."

ರುಕ್ಮಣಿ ಸೊಸೆಯ ಹಣೆಗೆ ವಿಭೂತಿ ಎಳೆದು, ಪೊಟ್ಟಣವನ್ನು ಅವಳ ಕೈಗೇ ಕೊಟ್ಟರು. ಮತ್ತೆ ಮೂರು ಸಲ ಕೈ ತೊಳೆದು ಒಳಗೆ ಹೋದರು. ಹಣೆಯಲ್ಲಿ ಬೂದಿ ಇದ್ದವಳು ಒಳಗೆ ಹೋಗುವಂತಿರಲಿಲ್ಲ. ಧರಣಿ ಗಾಜಿನಾಚೆ ನಿಂತು ನೋಡಿದಳು: ಆ ಮುದಿ ಬೆರಳುಗಳು ಕಣ್ಣಿಗೆ ಕಾಣದ ಏನನ್ನೋ ನಿಧಾನವಾಗಿ ಎಳೆದವು, ಬಿಗಿದವು, ಬಿಟ್ಟವು.

ಮೀಟರಿನ ಮುಳ್ಳು ಸೊನ್ನೆಯಲ್ಲೇ ನಿಂತಿತು.

ನವನೀತನ್ ರುಕ್ಮಣಿಯ ಹಿಂದೆಯೇ ಹೊರಗೆ ಬಂದು, ಅವರೆದುರು ತಲೆಯ ನೀಲಿ ಟೋಪಿ ತೆಗೆದರು. "ತಂತಿ ಬಂದ ಕೂಡಲೇ ಎರಡನೇ ಪೆಟ್ಟಿಗೆ ಶುರು ಮಾಡೋಣ, ಅಮ್ಮಾ. ಆವತ್ತು ಹೊರಗೆ ನಿಲ್ಲುವವನು ನಾನು."