ಏರಿಯ ಬುಡದ ನೀರು

ಕೆರೆ ಕಟ್ಟುವ ವಿದ್ಯೆ ಓದದವರು ಇದನ್ನು ಹೇಳುವುದು ಅಧಿಕಪ್ರಸಂಗವೇ, ಓದಿದವರು ಕ್ಷಮಿಸಬೇಕು.

ಹರವೆ ಹತ್ತಿರದ ಒಂದು ಊರಿನ ಕೆರೆ ಹನ್ನೆರಡು ವರ್ಷಗಳ ಮೇಲೆ ತುಂಬಿತ್ತು. ಏರಿಯ ಹೊರಬದಿಯ ಬುಡದಲ್ಲಿ ನೀರು ಉಕ್ಕುತ್ತಿತ್ತು. ಗಂಗಮ್ಮನೇ ಮೂಡಿದಳೆಂದು ಊರವರು ಮೂರು ದಿನದಿಂದ ಅಲ್ಲಿ ಅರಿಸಿನ ಸುರಿದು ಪೂಜಿಸುತ್ತಿದ್ದರು. ಅಲ್ಲಿಂದ ಕೂಗಳತೆಯಲ್ಲಿ, ತಗ್ಗಿನಲ್ಲಿ, ದೊಡ್ಡಮಾದಮ್ಮನ ಮನೆ. ಅವಳೂ ಕೈಮುಗಿದು ನಿಂತಿದ್ದಳು. ಅಷ್ಟರಲ್ಲಿ, ತುಂಬಿದ ಕೆರೆಗಳನ್ನು ನೋಡಿಕೊಂಡು ಬರುತ್ತಿದ್ದ ಇಲಾಖೆಯ ಜೀಪು ನಿಂತಿತು.

"ಇಂಜಿನಿಯರ್ ಸಾಹೇಬ್ರು ಎಲ್ಲವ್ವ?" ಪೂಜೆ ಮಾಡಿಸುತ್ತಿದ್ದ ಮರಿಮಲ್ಲಪ್ಪ ಇಳಿದುಬಂದ ಹುಡುಗಿಯನ್ನು ಕೇಳಿದ.

"ನಾನೇ. ಭವ್ಯ ಅಂತ, ಬೇಗೂರಿನವಳು." ಅವಳು ಪ್ಯಾಂಟು ಮಡಚಿ ಕೆಸರಿಗಿಳಿದು, ನೀರು ಹೊರಡುವ ಬಾಯಿಗೇ ಗಾಜಿನ ಲೋಟ ಒಡ್ಡಿ ಬೆಳಕಿಗೆ ಹಿಡಿದಳು. "ಇದು ಯಾವಾಗಿಂದ ಹಳದಿ?"

"ಅರಿಸ್ನ ಉಯ್ದ್ರೆ ಇನ್ನೇನು ನೀಲಿ ಆದದಾ? ಅಷ್ಟೂ ತಿಳೀದೇನಮ್ಮಿ?"

ಜನ ಗೊಳ್ಳೆಂದರು.

"ತಿಳಿನೀರು ಜಿನುಗುದ್ರೆ ಭಯ ಇಲ್ಲ, ಯಜಮಾನ್ರೇ. ಮಣ್ಣು ಹೊತ್ಕೊಂಡು ಬಂದ್ರೆ ಏರಿ ಒಳಗೊಳಗೇ ಟೊಳ್ಳಾಯ್ತಾ ಅದೆ ಅಂತ." ಅವಳು ದೊಡ್ಡಮಾದಮ್ಮನತ್ತ ತಿರುಗಿದಳು. "ಅಜ್ಜಿ, ಎಲೆಚೀಲದಲ್ಲಿ ಸುಣ್ಣ ಅದಾ?"

ದೊಡ್ಡಮಾದಮ್ಮ ಡಬ್ಬಿ ಕೊಟ್ಟಳು. ಭವ್ಯ ಬೆರಳತುದಿಯಷ್ಟು ಸುಣ್ಣವನ್ನು ಲೋಟದಲ್ಲಿ ಕದಡಿದಳು. ಎಷ್ಟೋ ಮದುವೆಗಳಿಗೆ ಆರತಿ ನೀರು ಕಲಸಿದ ಕೈ ದೊಡ್ಡಮಾದಮ್ಮನದು. ಅರಿಸಿನಕ್ಕೆ ಸುಣ್ಣ ಸೋಕಿದರೆ ರಕ್ತದ ಹಾಗೆ ಕೆಂಪಾಗಬೇಕು. ಅವಳು ಬಗ್ಗಿ ನೋಡಿದಳು. ಲೋಟ ಕೆಂಪಾಗಲಿಲ್ಲ. ಹಳದಿಯಾಗೇ ನಿಂತಿತು: ಅದು ಅರಿಸಿನವಲ್ಲ, ಏರಿಯ ಮಣ್ಣು.

ಕೈಗೆ ಸಿಕ್ಕ ವಸ್ತುವಿನಿಂದ ಈ ಹುಡುಗಿ ಏರಿಯ ಹೊಟ್ಟೆಯೊಳಗನ್ನೇ ಕಂಡುಬಿಟ್ಟಳಲ್ಲ! ಮುದುಕಿ ಲೋಟದಿಂದ ಅವಳ ಮುಖಕ್ಕೆ ಕಣ್ಣೆತ್ತಿದಳು.

"ಜೇಡಿ ಮೆತ್ತಿ ಮುಚ್ಬುಡನ, ನಡೀರ್ಲಾ!" ಮರಿಮಲ್ಲಪ್ಪ ಕೂಗಿದ.

"ಮುಚ್ಬೇಡಿ! ಇನ್ನೊಂದು ಕಡೆ ಸೀಳ್ಕೊಂಡು ಬತ್ತದೆ. ಮರಳು ಹಾಕಿ, ಮೇಲೆ ಜಲ್ಲಿ ಹಾಕಿ. ನೀರು ಹೋಗ್ಲಿ, ಮಣ್ಣು ನಿಲ್ಲಲಿ. ತೂಬು ಎತ್ತಿ, ಕೆರೆ ನೀರು ಇಳೀಲಿ. ಕೆಳಗಿನ ಮನೆಯವರೆಲ್ಲ ಸ್ಕೂಲಿಗೆ ಹೊರಡಿ!"

ಮರಿಮಲ್ಲಪ್ಪ ಪಂಚೆ ಎತ್ತಿ ಕಟ್ಟಿದ. ಆಮೇಲೆ ತಾನೇ ಮೊದಲ ಮಂಕರಿ ಮರಳು ಹೊತ್ತ.

ಮರಳು ಹಾಕಿದ ಮೂರನೆಯ ದಿನ ಜಲ್ಲಿಯ ಸಂದಿಯಿಂದ ತಿಳಿನೀರು ಬಂತು. ಸ್ಕೂಲಿನಿಂದ ಮನೆಗೆ ಮರಳುತ್ತ ದೊಡ್ಡಮಾದಮ್ಮ ಏರಿಯ ಬಳಿ ಭವ್ಯಳನ್ನು ಕೇಳಿದಳು: "ನೀ ಬರ್ದೆ ಓಗಿದ್ರೆ ಒಡ್ದೋಯ್ತಿತ್ತೇನವ್ವ?"

ಭವ್ಯ ಬಗ್ಗಿ ಇನ್ನೊಂದು ಲೋಟ ನೀರು ಹಿಡಿದು ಬೆಳಕಿಗೆ ಎತ್ತಿದಳು. "ಗೊತ್ತಿಲ್ಲ ಅಜ್ಜಿ."

ಒಳಗೆ ಎಷ್ಟು ದೂರ ಟೊಳ್ಳಾಗಿತ್ತೆಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.