ಮಾತು ಪಡೆದವಳು

ಕೋಪರಖೈರಣೆಯ ಫ್ಲ್ಯಾಟ್ ಕೊಳ್ಳುವವರು ಮಾತು ಪಕ್ಕಾ ಮಾಡಿ ಮುಂಗಡದ ಟೋಕನ್ ಕೊಡಲು ಹನ್ನೊಂದಕ್ಕೆ ಬರುವವರಿದ್ದರು. ವಸಂತಕುಮಾರ ಬೆಳಿಗ್ಗೆಯೇ ಇಸ್ತ್ರಿಯ ಅಂಗಿ ತೊಟ್ಟು, ಮಗಳ ಕಾನೂನು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪ್ರಣೀತಾಳಿಗೆ ಮಧ್ಯಾಹ್ನ ಕಾಂಟ್ರಾಕ್ಟ್ ಕಾನೂನಿನ ಪರೀಕ್ಷೆ. ಒಂದನೇ ಕ್ಲಾಸಿನಿಂದಲೂ ಪರೀಕ್ಷೆಯ ದಿನ ಪಪ್ಪ ಪ್ರಶ್ನೆ ಕೇಳಬೇಕು, ಅವಳು ಉತ್ತರ ಹೇಳಬೇಕು. ಪ್ರಶ್ನೆ ತನಗೂ ಅರ್ಥವಾಗಬೇಕೆಂದು ಪಪ್ಪ ಯಾವತ್ತೂ ಹಟ ಹಿಡಿದವನಲ್ಲ. ಕಿಟಕಿಯ ಪಕ್ಕದಲ್ಲಿ ಅವನ ಹೆಂಡತಿ ಸುಂದರಿ ಹೊಲಿಗೆ ಮೆಷಿನ್ ತುಳಿಯುತ್ತಿದ್ದಳು.

"ನೀನು ಏನೂ ಹೇಳದಿದ್ರೆ ಒಪ್ಪಿದ್ದೀ ಅಂತ ತಿಳ್ಕೊಳ್ತೇನೆ ಅಂತ ಒಬ್ಬ ಹೇಳಿದ. ಇನ್ನೊಬ್ಬ ಸುಮ್ಮನಿದ್ದ. ಕಾಂಟ್ರಾಕ್ಟ್ ಆಯ್ತಾ?" ಇಂಗ್ಲಿಷನ್ನು ಬಿಡಿಸಿ ಬಿಡಿಸಿ ಓದಿ ವಸಂತಕುಮಾರ ಕೇಳಿದ.

"ಇಲ್ಲ ಪಪ್ಪಾ. ಸುಮ್ಮನಿರೋದು ಒಪ್ಪಿಗೆ ಅಲ್ಲ."

"ಅದು ಹೇಗೆ? ಬೇಡ ಅಂತಾದ್ರೆ ಹೇಳ್ಲಿಕ್ಕೆ ಅವನಿಗೆ ಬಾಯಿ ಉಂಟಲ್ಲ."

"ಬಾಯಿ ಉಂಟು. ಹೇಳ್ಲೇಬೇಕು ಅಂತ ರೂಲ್ ಇಲ್ಲ. ನಾಳೆಯೊಳಗೆ ಏನೂ ಹೇಳದಿದ್ರೆ ನಿಮ್ಮ ಫ್ರಿಜ್ ನಂದು ಅಂತ ಪಕ್ಕದವರು ಹೇಳಿದ್ರೆ ಕೊಡ್ತೀರಾ? ಒಪ್ಪಿದವರು ಹೂಂ ಅಂತ ಹೇಳ್ಬೇಕು, ಇಲ್ಲಾಂದ್ರೆ ಒಪ್ಪಿದವರ ಹಾಗೆ ನಡ್ಕೊಳ್ಬೇಕು. ಅಷ್ಟೇ."

ವಸಂತಕುಮಾರ ನಕ್ಕುಬಿಟ್ಟ. "ಈ ಕಾನೂನು ನಮ್ಮ ಮನೆಯೊಳಗೆ ಬಂದ್ರೆ ಕಷ್ಟ ಮಾರಾಯ್ತಿ. ನಿನ್ನ ಅಮ್ಮ ಯಾವುದಕ್ಕೆ ಹೂಂ ಅಂದಿದ್ದಾಳೆ? ಇದನ್ನು ಮಾರಿ ಊರಿಗೇ ಹೋಗುವಾ ಅಂತ ಮಳೆಗಾಲದಿಂದ ಹೇಳ್ತಾ ಇದ್ದೇನೆ. ಒಂದು ಮಾತಿಲ್ಲ. ನಾನೇ ಅರ್ಥ ಮಾಡ್ಕೊಂಡು..."

ಮೆಷಿನ್ ನಿಂತಿತು.

"ಫ್ಲ್ಯಾಟ್ ಅಮ್ಮನ ಹೆಸರಲ್ಲೂ ಉಂಟಲ್ಲ ಪಪ್ಪಾ," ಎಂದಳು ಪ್ರಣೀತಾ ಮೆಲ್ಲಗೆ.

ಗೊತ್ತಿಲ್ಲದ ಸಂಗತಿಯೇನಲ್ಲ. ಹೆಸರು ಸೇರಿಸಿದವನೇ ಅವನು. ತೋರಿಸಿದಲ್ಲಿ ಸುಂದರಿ ಸಹಿ ಹಾಕುತ್ತಾಳೆ ಎಂದಷ್ಟೇ ಅಂದುಕೊಂಡಿದ್ದ. ಈಗ ಹೆಂಡತಿಯ ಕಡೆ ತಿರುಗಿ ನೋಡಿದರೆ ಅವಳ ಮಡಿಲ ತುಂಬ ಜರಿಯಂಚಿನ ಬಟ್ಟೆ, ಕಾಲ ಬಳಿ ಇನ್ನೂ ಬಿಚ್ಚದ ಒಂದು ದೊಡ್ಡ ಗಂಟು.

"ಅದು ಯಾರದ್ದು?" ಎಂದು ಕೇಳಿದ.

"ಮೇಲಿನ ಮನೆಯ ತೃಷಾಳ ಮದುವೆಯದ್ದು. ಅವರ ಮನೆ ಹೆಂಗಸರದ್ದೆಲ್ಲ ನಾನೇ ಹೊಲಿಯೋದು."

"ಮದುವೆ ಯಾವಾಗ?"

"ಫೆಬ್ರವರಿ."

"ನಾವು ಡಿಸೆಂಬರಿಗೆ ಮನೆ ಬಿಟ್ಟುಕೊಡೋದಲ್ವಾ?"

ಸುಂದರಿ ತಲೆ ತಗ್ಗಿಸಿ ಸೂಜಿಗೆ ನೂಲು ಪೋಣಿಸತೊಡಗಿದಳು. ಅದೇ ಮೌನ. ಇಷ್ಟು ವರ್ಷ ಅವನು ಹೂಂ ಎಂದು ಲೆಕ್ಕ ಹಿಡಿದದ್ದು ಇದನ್ನೇ. ವಸಂತಕುಮಾರನಿಗೆ ನಾಚಿಕೆಯಾಯಿತು. ಇದರ ಜೊತೆ ಇನ್ನು ಯಾವುದಕ್ಕೆಲ್ಲ ಹೂಂ ಎಂದುಕೊಂಡಿದ್ದೆನೋ ಎಂದು ಹೆದರಿಕೆಯೂ ಆಯಿತು.

"ಬೇಡ ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ ಸುಂದರಿ?"

"ಹೇಗೆ ಹೇಳೋದು? ಮದುವೆ ಆಗಿ ಬಂದ ಹೊಸತರಲ್ಲಿ, ಕೋಪರಿಯ ಚಾಳಿನ ಒಂದೇ ಕೋಣೆಯಲ್ಲಿ ನಾನು ಕೂತು ಅತ್ತದ್ದಕ್ಕೆ ನೀವು ಕೊಟ್ಟ ಮಾತು ಅದು. ಒಂದಿನ ಊರಿಗೇ ಕರ್ಕೊಂಡು ಹೋಗ್ತೇನೆ ಅಂತ. ಹೋಟ್ಲಲ್ಲಿ ನಿಂತು ನಿಂತು ಕಾಲು ಊದಿದ್ರೂ ಆ ಮಾತು ಬಿಡ್ಲಿಲ್ಲ ನೀವು. ನಿಮ್ಮ ತಮ್ಮನ ಮನೆ ಪಕ್ಕ ಜಾಗವೂ ನೋಡಿ ಆಯ್ತು. ಈಗ ನಂಗೆ ಬೇಡ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಇಷ್ಟು ಮಾತನ್ನು ಒಟ್ಟಿಗೆ ಅವಳು ಆಡಿದ್ದು ಅವನಿಗೆ ನೆನಪಿರಲಿಲ್ಲ. ಅವಳು ಇನ್ನೂ ಮುಗಿಸಿರಲಿಲ್ಲ.

"ಅವತ್ತು ಅತ್ತದ್ದು ಇಲ್ಲಿ ಯಾರ ಗುರ್ತವೂ ಇಲ್ಲ ಅಂತ. ಈಗ ಊರಲ್ಲಿ ಯಾರ ಗುರ್ತ ಉಂಟು ನಂಗೆ? ಕೋಪರಖೈರಣೆಯ ಈ ಸೆಕ್ಟರಲ್ಲಿ ಅರ್ಧ ಹೆಂಗಸರ ಅಳತೆ ನಂಗೆ ಬಾಯಿಪಾಠ."

ವಸಂತಕುಮಾರ ಪುಸ್ತಕದ ಹಾಳೆಗಳನ್ನು ಸುಮ್ಮನೆ ಹಿಂದೆ ಮುಂದೆ ತಿರುವಿದ. ಹೆಂಡತಿಯ ಮೇಲೆ ಅವನಿಗೆ ಒಮ್ಮೆಗೇ ತುಂಬ ಪ್ರೀತಿ ಬಂತು. ಅದನ್ನು ಹೇಳುವುದು ಹೇಗೆಂದು ತಿಳಿಯದೆ ಮಗಳಿಗೇ ಮತ್ತೊಂದು ಪ್ರಶ್ನೆ ಹಾಕಿದ.

"ಮಾತು ಕೊಟ್ಟವ ಅದರಿಂದ ಬಿಡುಗಡೆ ಆಗೋದು ಹೇಗೆ? ಅದು ಉಂಟಾ ಇದರಲ್ಲಿ?"

ಪ್ರಣೀತಾ ಪರೀಕ್ಷೆಗೆಂಬಂತೆ ನೆಟ್ಟಗೆ ಕೂತಳು. "ಉಂಟು. ಅವನಷ್ಟಕ್ಕೇ ಬಿಡುಗಡೆ ಆಗ್ಲಿಕ್ಕೆ ಆಗೋದಿಲ್ಲ. ಮಾತು ಪಡೆದವರು 'ಬಿಟ್ಟೆ' ಅಂದ್ರೆ ಮುಗೀತು. ಅದಕ್ಕೆ ಬದಲಾಗಿ ಅವರಿಗೆ ಏನೂ ಕೊಡ್ಬೇಕಾಗಿಯೂ ಇಲ್ಲ."

ಕರೆಗಂಟೆ ಸದ್ದಾಯಿತು. ಹೊರಗೆ ಬ್ರೋಕರ್ ಹೃಷೀಕೇಶನ ದನಿ, ಅವನ ಹಿಂದೆ ಬಾಯಿ ಸಿಹಿ ಮಾಡಲೆಂದು ಪೇಡೆ ತಂದವರ ನಗು. ವಸಂತಕುಮಾರ ಎದ್ದು ಹೋಗಿ ಚಿಲಕದ ಮೇಲೆ ಕೈಯಿಟ್ಟ. ತೆಗೆಯಲಿಲ್ಲ, ಹೆಂಡತಿಯ ಕಡೆ ತಿರುಗಿ ನಿಂತ.

"ಬಾಯಿ ಬಿಟ್ಟು ಹೇಳ್ಬೇಕು ಸುಂದರಿ. ಸುಮ್ಮನಿದ್ರೆ ಇನ್ನು ನಡೆಯೋದಿಲ್ಲ."

ಸುಂದರಿ ಮೊದಲು ಮಗಳನ್ನು ನೋಡಿದಳು, ಆಮೇಲೆ ಗಂಡನ ಊದಿದ ಕಾಲುಗಳನ್ನು.

"ಬಿಟ್ಟೆ," ಎಂದಳು.

ಅವನು ಬಾಗಿಲು ತೆರೆಯುವ ಮೊದಲೇ, ಹೊರಗೆ ನಿಂತವರಿಗೆ ಹೊಲಿಗೆ ಮೆಷಿನ್ನಿನ ಸದ್ದು ಕೇಳಿಸಿತು.